ಅಂಗಸಾಧನೆಗೆ ಶ್ರೀಕಾರ

ಪ್ರತಿವರ್ಷವೂ ಯುಗಾದಿ ಬರುವದು, ದೀಪಾವಳಿ ಬರುವದು. ಅವುಗಳ ಬೆನ್ನಿಗೇ ನಮ್ಮ ಪಟ್ಟಣಿಗರ ಒಂದು ಸಂಕಲ್ಪವೂ ತಪ್ಪದೆ ಬರುವದು. ‘ನಾಳೆಯಿಂದ ಅಂಗಸಾಧನೆಯನ್ನು ಆರಂಭಿಸತಕ್ಕದ್ದು’ ಎಂಬುದೇ ಆ ಸಂಕಲ್ಪವು. ಮರುದಿನವೇ ಹೊಸ ಬೂಟುಗಳು ಬರುವವು. ವ್ಯಾಯಾಮಶಾಲೆಗೆ ಮೂರು ತಿಂಗಳ ಹಣವು ಸಂದಾಯವಾಗುವದು. ಮೊದಲನೆಯ ದಿನ ಎರಡು ತಾಸು ಬೆವರೂ ಹರಿಯುವದು. ಎರಡನೆಯ ದಿನ ಮೆಟ್ಟಲನ್ನು ಇಳಿಯಲು ತೊಡೆಗಳು ಒಪ್ಪುವದಿಲ್ಲ. ಮೂರನೆಯ ದಿನ ಕಚೇರಿಯ ಕೆಲಸವು ಅಡ್ಡ ಬರುವದು. ಹತ್ತನೆಯ ದಿನಕ್ಕೆ ಸಂಕಲ್ಪವು ಮುಂದಿನ ಹಬ್ಬದ ದಾರಿಯನ್ನು ಕಾಯುತ್ತ ಮೂಲೆಯಲ್ಲಿ ಕುಳಿತಿರುವದು. ಹಾವೇರಿಯಲ್ಲಿ ನಡೆಯುವದು ಇದೇ. ರಾಣೇಬೆನ್ನೂರಲ್ಲಿ ನಡೆಯುವದು ಇದೇ. ಬ್ಯಾಡಗಿಯಲ್ಲಿ ನಡೆಯುವದೂ ಇದೇ.

ಇದನ್ನು ಸೋಮಾರಿತನವೆಂದು ಜರೆಯುವದು ಸುಲಭ. ಆದರೆ ಅದು ನ್ಯಾಯವಲ್ಲ. ಮೊದಲ ದಿನವೇ ಎರಡು ತಾಸು ಬೆವರು ಸುರಿಸಿದವನನ್ನು ಸೋಮಾರಿಯೆಂದು ಹೇಗೆ ಕರೆಯುವದು? ದೋಷವು ಮನಸ್ಸಿನದಲ್ಲ, ಅಳತೆಯದು. ಆರಂಭಶೂರತ್ವವೆಂದು ನಮ್ಮ ಹಿರಿಯರು ಯಾವುದನ್ನು ನಗೆಯಾಡಿದರೋ ಅದೇ ಇಲ್ಲಿಯೂ ನಮ್ಮನ್ನು ಕೆಡಿಸಹತ್ತಿದೆ. ಮೊದಲ ದಿನ ಎಷ್ಟು ಮಾಡಿದೆವೆಂಬುದು ಅಂಗಸಾಧನೆಯ ಪ್ರಶ್ನೆಯೇ ಅಲ್ಲ. ಎರಡನೆಯ ದಿನ ಮತ್ತೆ ಮಾಡುವಂತೆ ಉಳಿದೆವೋ ಇಲ್ಲವೋ ಎಂಬುದೇ ಪ್ರಶ್ನೆ. ಇದಿಷ್ಟನ್ನೇ ಇಂದು ವಾಚಕರ ಮುಂದೆ ಸವಿಸ್ತಾರವಾಗಿ ಇಡಬೇಕೆಂದಿರುವೆವು.

ಕುಳಿತು ಕೆಟ್ಟ ದೇಹ

ಒಂದು ಕಾಲಕ್ಕೆ ಈ ಮೂರು ಊರುಗಳ ಜನಕ್ಕೆ ವ್ಯಾಯಾಮವನ್ನು ಕಲಿಸಬೇಕಾದ ಕಾರಣವಿರಲಿಲ್ಲ. ಹೊಲಕ್ಕೆ ನಡೆದೇ ಹೋಗಬೇಕು, ನೀರನ್ನು ಸೇದಿಯೇ ತರಬೇಕು, ಹಿಟ್ಟನ್ನು ಬೀಸಿಯೇ ರೊಟ್ಟಿ ಬಡಿಯಬೇಕು. ಹೀಗಿರುವಾಗ ದೇಹವು ತನ್ನ ಕೂಲಿಯನ್ನು ತಾನೇ ಪಡೆಯುತ್ತಿತ್ತು. ಈಗ ಕಾಲವು ತಿರುಗಿದೆ. ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ಹಾವೇರಿಯು ಜಿಲ್ಲೆಯ ಮುಖ್ಯಸ್ಥಳವಾಯಿತು. ಅಂದಿನಿಂದ ಕಚೇರಿಗಳು ಹೆಚ್ಚಿದವು. ಕಚೇರಿಗಳೊಡನೆ ಕುರ್ಚಿಗಳೂ ಹೆಚ್ಚಿದವು. ರಾಣೇಬೆನ್ನೂರ ಪೇಟೆಯಲ್ಲಿ ಬೀಜದ ವ್ಯಾಪಾರಿಯು ಬೆಳಗಿನಿಂದ ರಾತ್ರಿಯ ತನಕ ಗಾದಿಯನ್ನು ಬಿಟ್ಟು ಏಳುವದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಂತೂ ಈ ವಿಚಿತ್ರವು ಕಣ್ಣಿಗೆ ಕಟ್ಟುವಂತಿದೆ: ಹಮಾಲನು ದಿನವೆಲ್ಲ ಚೀಲ ಹೊತ್ತು ಬೆನ್ನು ಸವೆಯಿಸಿಕೊಳ್ಳುವನು, ಅದೇ ಚೀಲದ ಲೆಕ್ಕ ಬರೆಯುವವನು ಹತ್ತು ಮಾರು ದೂರದಲ್ಲಿ ದಿನವೆಲ್ಲ ಕುಳಿತು ಬೆನ್ನು ನೋಯಿಸಿಕೊಳ್ಳುವನು. ಒಬ್ಬನಿಗೆ ದುಡಿತವು ಮಿತಿಮೀರಿತು, ಇನ್ನೊಬ್ಬನಿಗೆ ಚಲನೆಯೇ ಇಲ್ಲವಾಯಿತು. ಇಬ್ಬರಿಗೂ ಅಳತೆ ತಪ್ಪಿತು.

ಕುಳಿತಿರುವದರ ಕೇಡು ಎಷ್ಟೆಂಬುದನ್ನು ಲಂಡನ್ ನಗರದ ಒಂದು ಸಂಶೋಧನೆಯು ೧೯೫೩ರಲ್ಲಿಯೇ ತೋರಿಸಿಕೊಟ್ಟಿತು. ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿಯ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿದರು. ಚಾಲಕನು ದಿನವಿಡೀ ಕುಳಿತಿರುವನು. ಚೀಟಿ ಕೊಡುವ ನಿರ್ವಾಹಕನು ಅದೇ ಬಸ್ಸಿನಲ್ಲಿ ದಿನಕ್ಕೆ ನೂರಾರು ಮೆಟ್ಟಲುಗಳನ್ನು ಹತ್ತಿ ಇಳಿಯುವನು. ಬಸ್ಸು ಒಂದೇ, ಊರು ಒಂದೇ; ಆದರೆ ಹೃದ್ರೋಗವು ಚಾಲಕರಲ್ಲಿ ಹೆಚ್ಚು, ನಿರ್ವಾಹಕರಲ್ಲಿ ಕಡಿಮೆ. ಅಂಚೆಯ ಕಚೇರಿಗಳಲ್ಲಿಯೂ ಅದೇ ಮಾತು: ಓಣಿ ಓಣಿ ತಿರುಗುವ ಪೋಸ್ಟಮನ್ನನಿಗಿಂತ ಕುಳಿತು ಬರೆಯುವ ಗುಮಾಸ್ತನ ಹೃದಯಕ್ಕೇ ಅಪಾಯವು ಹೆಚ್ಚು.

ನಮ್ಮ ದೇಶದ ಸ್ಥಿತಿಯೂ ಬೇರೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರು ಮಧುಮೇಹಿಗಳು; ವಯಸ್ಕರಲ್ಲಿ ನೂರಕ್ಕೆ ೩೫ಕ್ಕೂ ಮಿಕ್ಕಿ ಜನರಿಗೆ ರಕ್ತದ ಒತ್ತಡ. ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಜಾಗತಿಕ ಅಧ್ಯಯನವು ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೇಹಶ್ರಮವೇ ಇಲ್ಲವೆಂದು ಹೇಳಿತು. ಗಂಡಸರಲ್ಲಿ ನೂರಕ್ಕೆ ೪೨, ಹೆಂಗಸರಲ್ಲಿ ನೂರಕ್ಕೆ ೫೭. ಈ ಅಂಕಿಗಳು ಬೇರೆ ಯಾರವೋ ಅಲ್ಲ. ನಮ್ಮ ಮನೆಯ ಮಾಡದಲ್ಲಿರುವ ಗುಳಿಗೆಯ ಡಬ್ಬಿಗಳೇ ಅವಕ್ಕೆ ಸಾಕ್ಷಿ. ಸಂಬಳ ಬರುವ ಯಜಮಾನನು ನಲವತ್ತೈದರಲ್ಲಿ ಹಾಸಿಗೆ ಹಿಡಿದರೆ ಆ ಕುಟುಂಬದ ಗತಿಯೇನು, ಮಕ್ಕಳ ಶಿಕ್ಷಣದ ಗತಿಯೇನು ಎಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಗರಡಿಮನೆಯ ಕ್ರಮ

ಅಂಗಸಾಧನೆಯು ಈಚೆಗೆ ಪರದೇಶದಿಂದ ಬಂದ ಶೋಕಿಯೆಂದು ಬಗೆಯುವವರು ನಮ್ಮ ನಾಡಿನ ಚರಿತ್ರೆಯನ್ನು ಮರೆತವರು. ಈ ಪ್ರಾಂತವೆಲ್ಲ ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿದ್ದಿತು. ಅವರಲ್ಲಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಮಲ್ಲರನ್ನು ವಯಸ್ಸು ಬಲಗಳ ಮೇಲಿಂದ ವಿಂಗಡಿಸಿ, ಅವರ ಆಹಾರವನ್ನೂ ಶ್ರಮಗಳನ್ನೂ ಆ ಅರಸನು ಅಲ್ಲಿ ವಿವರಿಸಿದ್ದಾನೆ. ಭಾರವನ್ನು ಎತ್ತುವ ಭಾರಶ್ರಮ, ಕಂಬದ ಮೇಲಿನ ಸ್ತಂಭಶ್ರಮ, ನೀರಿನಲ್ಲಿಯ ಸಲಿಲಶ್ರಮ ಇವುಗಳ ಸಾಲಿನಲ್ಲಿಯೇ ಭ್ರಮಣಶ್ರಮವೆಂಬುದೂ ಒಂದು. ಅಂದರೆ ಬರಿಯ ನಡೆದಾಟ! ರಾಜಸಭೆಯಲ್ಲಿ ಕುಸ್ತಿಯಾಡುವ ಜಟ್ಟಿಗೂ ನಡಿಗೆಯು ಸಾಧನೆಯೆನಿಸಿತ್ತು. ‘ನಡೆಯುವದೂ ಒಂದು ವ್ಯಾಯಾಮವೇ?’ ಎಂದು ಮೂಗು ಮುರಿಯುವ ನಮ್ಮ ತರುಣರು ಇದನ್ನು ಗಮನಿಸತಕ್ಕದ್ದು.

ನಮ್ಮ ಊರೂರ ಗರಡಿಮನೆಗಳಲ್ಲಿಯೂ ಇದೇ ವಿವೇಕವು ರೂಢಿಯಾಗಿ ಉಳಿದುಕೊಂಡು ಬಂದಿತು. ಹೊಸದಾಗಿ ಬಂದ ಹುಡುಗನನ್ನು ವಸ್ತಾದನು ಮೊದಲ ದಿನವೇ ಜೋಡಿಗೆ ಬಿಡುತ್ತಿರಲಿಲ್ಲ. ಹನುಮಂತದೇವರಿಗೆ ಕೈಮುಗಿಸಿ, ಸಲಿಕೆಯನ್ನು ಕೈಗೆ ಕೊಟ್ಟು, ಕೆಮ್ಮಣ್ಣಿನ ಕಣವನ್ನು ಅಗೆಸಿ ಸಮಮಾಡಿಸುವನು. ಆಮೇಲೆ ಹತ್ತು ಬೈಠಕು, ಐದು ದಂಡ. ಮಣ್ಣು ಅಗೆಯುವದೇ ಒಂದು ಪಾಠ. ಹಿರಿಯ ಪೈಲ್ವಾನರು ಹೇಗೆ ಸಾಮು ಮಾಡುವರೆಂಬುದನ್ನು ನೋಡುತ್ತ ನಿಲ್ಲುವದೂ ಒಂದು ಪಾಠ. ಗದೆ, ಮುದ್ಗರ, ಮಲ್ಲಕಂಬಗಳು ಅವನ ಪಾಲಿಗೆ ಬರುವಷ್ಟರಲ್ಲಿ ಹಲವು ತಿಂಗಳುಗಳು ಸಂದಿರುವವು. ಇಂದು ಎಷ್ಟೋ ಕಡೆ ಗರಡಿಮನೆಗಳ ಬಾಗಿಲು ಮುಚ್ಚಿದೆ. ಅವುಗಳ ಸ್ಥಳದಲ್ಲಿ ಕನ್ನಡಿಗಳುಳ್ಳ, ಯಂತ್ರಗಳುಳ್ಳ, ಬಾಡಿಗೆಯ ಮಾಳಿಗೆಯ ಮೇಲಿನ ಜಿಮ್ಮುಗಳು ತೆರೆದಿವೆ. ಯಂತ್ರಗಳ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಬಾಗಿಲು ಮುಚ್ಚುವಾಗ ವಸ್ತಾದನ ಆ ತಾಳ್ಮೆಯನ್ನೂ ಒಳಗೇ ಇಟ್ಟು ಬೀಗ ಹಾಕಿದಂತಾಗಿದೆ. ವ್ಯಥೆಯ ಮಾತು ಅದು.

ಹೊಸ ಹೋರಿಗೆ ತುಂಬಿದ ಬಂಡಿ

ಹಾವೇರಿ ಸೀಮೆಯ ರೈತನು ದೀಪಾವಳಿಯ ಹೋರಿ ಬೆದರಿಸುವ ಆಟಕ್ಕೆ ತನ್ನ ಹೋರಿಯನ್ನು ಅಣಿಗೊಳಿಸುವ ಬಗೆಯನ್ನು ನೋಡಿದವರಿಗೆ ಅಂಗಸಾಧನೆಯ ಶಾಸ್ತ್ರವು ಅರ್ಧ ತಿಳಿದಂತೆಯೇ. ಆಟದ ದಿನದ ಓಟವನ್ನು ಅವನು ಮೊದಲನೆಯ ದಿನವೇ ಓಡಿಸುವದಿಲ್ಲ. ಮೇವು ಹಿಂಡಿಗಳಲ್ಲಿ ಕ್ರಮ, ನಡೆಸುವದರಲ್ಲಿ ಕ್ರಮ, ಮೈ ತಿಕ್ಕುವದರಲ್ಲಿ ಕ್ರಮ. ನೊಗ ಕಾಣದ ಹೋರಿಗೆ ತುಂಬಿದ ಬಂಡಿಯನ್ನು ಹೂಡುವ ರೈತನನ್ನು ಊರೆಲ್ಲ ಹುಚ್ಚನೆಂದೀತು. ಆದರೆ ಹದಿನೈದು ವರ್ಷ ಕುರ್ಚಿಯಲ್ಲಿ ಕುಳಿತ ತನ್ನ ದೇಹಕ್ಕೆ ಒಂದೇ ಮುಂಜಾನೆ ತುಂಬಿದ ಬಂಡಿಯನ್ನು ಹೂಡುವ ಗುಮಾಸ್ತನನ್ನು ನಾವು ಉತ್ಸಾಹಿಯೆಂದು ಹೊಗಳುವೆವು!

ಆ ಮುಂಜಾನೆಯ ಬಳಿಕ ಆಗುವದೇನು? ರೂಢಿಯಿಲ್ಲದ ಸ್ನಾಯುಗಳಲ್ಲಿ ಸೂಕ್ಷ್ಮವಾದ ಗಾಯಗಳಾಗುವವು. ನೋವು ಕೂಡಲೇ ತೋರುವದಿಲ್ಲ. ಒಂದು ದಿನ ಬಿಟ್ಟು ಎರಡನೆಯ ದಿನ, ಮೂರನೆಯ ದಿನ ಅದು ತನ್ನ ಪ್ರತಾಪವನ್ನು ತೋರುವದು. ಅಲ್ಪವಾದ ನೋವಿಗೆ ಅಂಜಬೇಕಾದುದಿಲ್ಲ. ಅದು ನಾಲ್ಕಾರು ದಿನಗಳಲ್ಲಿ ತಾನೇ ಇಳಿಯುವದು, ಮುಂದಿನ ಸಲ ಕಡಿಮೆಯೂ ಆಗುವದು. ಆದರೆ ಹಟದಿಂದ ಮೊದಲ ದಿನವೇ ನೂರಾರು ಬೈಠಕುಗಳನ್ನು ತೆಗೆದರೆ ಸ್ನಾಯುವೇ ಒಡೆದು, ಅದರ ಕಸವು ರಕ್ತದಲ್ಲಿ ಸೇರಿ, ಮೂತ್ರಪಿಂಡಗಳಿಗೆ ಧಕ್ಕೆ ತಗಲುವ ಸಂಭವವುಂಟು. ಕಠಿಣ ಶ್ರಮದ ಮರುದಿನ ಮೂತ್ರವು ಕರಿಚಹದ ಬಣ್ಣಕ್ಕೆ ತಿರುಗಿದರೆ, ಅಥವಾ ತೊಡೆ ರಟ್ಟೆಗಳು ಬಾತು ಬಿಗಿದರೆ, ಮನೆಮದ್ದನ್ನು ಮಾಡುತ್ತ ಕೂಡದೆ ಅದೇ ತಾಸಿಗೆ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನೊಂದು ಸಂಗತಿಯಿದೆ. ಮೊದಲ ಕೆಲವು ವಾರಗಳಲ್ಲಿ ಬಲವು ಹೆಚ್ಚುವದಾದರೂ ಅದು ಸ್ನಾಯುವಿನ ಗಾತ್ರದಿಂದಲ್ಲ. ಇದ್ದ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ನರಗಳು ಕಲಿಯುವದರಿಂದ. ಆದಕಾರಣ ಕನ್ನಡಿಯಲ್ಲಿ ಏನೂ ಕಾಣುವದಿಲ್ಲ. ಒಂದು ತಿಂಗಳಿಗೆ ರಟ್ಟೆ ಉಬ್ಬಲಿಲ್ಲವೆಂದು ಬಿಟ್ಟುಬಿಡುವವನು, ಮೊಳಕೆ ನೆಲದೊಳಗಿರುವಾಗಲೇ ಹೊಲವನ್ನು ಹರಗಿದಂತೆ. ಬ್ಯಾಡಗಿಯ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬಣ್ಣ ಬಹಳ, ಖಾರ ಕಡಿಮೆ ಎಂಬುದೇ ಅದರ ಕೀರ್ತಿ. ಮೆಣಸಿನಕಾಯಿಗೆ ಅದು ಭೂಷಣ, ಮನುಷ್ಯನ ದೇಹಕ್ಕಲ್ಲ. ಕನ್ನಡಿಗೆ ಬಣ್ಣ ತೋರಿಸುವದಕ್ಕಿಂತ ಮೆಟ್ಟಲು ಹತ್ತುವಾಗ ಏದುಸಿರು ಬಿಡದಿರುವದೇ ನಮಗೆ ಬೇಕಾದ ಖಾರ.

ದಂಡಿಯ ದಾರಿಯ ಮೂರು ಪಾಠಗಳು

ಅಳತೆ ಯಾವುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಲ್ಲಿ ೧೯೧೧ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರನ್ನು ಈ ಜಿಲ್ಲೆಯಲ್ಲಿ ಅರಿಯದವರಾರು? ೧೯೪೩ನೆಯ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಡಿಗರೊಡನೆ ಅವರು ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದುದನ್ನು ನಾವು ವರ್ಷ ವರ್ಷವೂ ನೆನೆಯುವೆವು. ಅದಕ್ಕೆ ಹದಿಮೂರು ವರ್ಷ ಮೊದಲು, ಇನ್ನೂ ಹತ್ತೊಂಬತ್ತು ತುಂಬದ ತರುಣನಾಗಿದ್ದಾಗ, ಅವರು ಗಾಂಧೀಜಿಯವರ ಸಂಗಡ ದಂಡಿಗೆ ನಡೆದ ಸತ್ಯಾಗ್ರಹಿಗಳಲ್ಲಿ ಒಬ್ಬರಾಗಿದ್ದರು. ಆ ನಡಿಗೆಯನ್ನು ರಾಜಕಾರಣದ ಕಣ್ಣಿನಿಂದ ಎಲ್ಲರೂ ನೋಡಿದ್ದಾರೆ. ಇಂದೊಂದು ದಿನ ದೇಹದ ಕಣ್ಣಿನಿಂದಲೂ ನೋಡೋಣ.

ಸಾಬರಮತಿಯಿಂದ ದಂಡಿಗೆ ಸುಮಾರು ೨೪೦ ಮೈಲು. ೧೯೩೦ನೆಯ ಮಾರ್ಚ್ ೧೨ಕ್ಕೆ ಹೊರಟವರು ಏಪ್ರಿಲ್ ೫ಕ್ಕೆ ಮುಟ್ಟಿದರು. ಗಾಂಧೀಜಿಯವರಿಗೆ ಆಗ ಅರವತ್ತು ವರ್ಷ. ಅವರು ಓಡಲಿಲ್ಲ; ಒಂದು ದಿನ ಮೂವತ್ತು ಮೈಲು ನಡೆದು ಮೂರು ದಿನ ಮಲಗಲೂ ಇಲ್ಲ. ಮುಂಜಾನೆ ಅಷ್ಟು, ಸಂಜೆ ಅಷ್ಟು. ಒಟ್ಟಿನ ಮೇಲೆ ದಿನಕ್ಕೆ ಸುಮಾರು ಹತ್ತು ಮೈಲು. ಇದು ಮೊದಲನೆಯ ಪಾಠ: ನಾಳೆಯೂ ನಡೆಯಬಲ್ಲಷ್ಟನ್ನೇ ಇಂದು ನಡೆಯತಕ್ಕದ್ದು. ಸೋಮವಾರ ಬಂದರೆ ಪ್ರಯಾಣವಿಲ್ಲ, ಅಂದು ವಿಶ್ರಾಂತಿ. ನಮ್ಮ ರೈತನೂ ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗವನ್ನು ಇಡುವದಿಲ್ಲವಷ್ಟೆ? ಇದು ಎರಡನೆಯ ಪಾಠ: ವಿಶ್ರಾಂತಿಯು ಸಾಧನೆಯ ಭಂಗವಲ್ಲ, ಸಾಧನೆಯ ಭಾಗ, ಶ್ರಮದಿಂದ ಸಡಿಲಾದ ಸ್ನಾಯುವು ಗಟ್ಟಿಗೊಳ್ಳುವದು ವಿಶ್ರಾಂತಿಯಲ್ಲಿಯೇ. ಅವರಲ್ಲಿ ಯಾರೂ ಒಂಟಿಯಾಗಿ ನಡೆಯಲಿಲ್ಲ. ಒಬ್ಬನ ಕಾಲು ಸೋತರೆ ಇನ್ನೊಬ್ಬನ ಹೆಜ್ಜೆ ಅವನನ್ನು ಎಳೆಯುತ್ತಿತ್ತು. ಇದು ಮೂರನೆಯ ಪಾಠ: ಸಂಗಡಿಗನಿದ್ದಲ್ಲಿ ಸಂಕಲ್ಪವು ಬಾಳುವದು.

ಈ ಶಿಸ್ತು ಆಕಸ್ಮಿಕವಾದುದಲ್ಲ. ಧಾರವಾಡ ಸೀಮೆಯವರೇ ಆದ ಡಾಕ್ಟರ್ ನಾ. ಸು. ಹರ್ಡೀಕರರು ೧೯೨೩ರಲ್ಲಿ ಹಿಂದುಸ್ಥಾನಿ ಸೇವಾದಳವನ್ನು ಕಟ್ಟಿ, ತರುಣರಿಗೆ ಕವಾಯತನ್ನೂ ವ್ಯಾಯಾಮವನ್ನೂ ಕಲಿಸಲು ಹೆಣಗಿದರು. ಸೊಂಟ ಬಗ್ಗಿದ ಜನರಿಂದ ದೇಶದ ಸೇವೆಯು ಆಗದೆಂಬುದು ಆ ತಲೆಮಾರಿನ ನಂಬಿಕೆಯಾಗಿತ್ತು. ಸ್ವಾತಂತ್ರ್ಯವು ಬಂದಿತು, ಸೊಂಟವು ಮಾತ್ರ ಮತ್ತೆ ಬಗ್ಗಿತು.

ಹಾಗಾದರೆ ನಾಳೆ ಮಾಡುವದೇನು?

ಉಪದೇಶವು ಸಾಕು, ಕ್ರಮವನ್ನು ಹೇಳಿರೆಂದು ವಾಚಕರು ಕೇಳಬಹುದು. ನ್ಯಾಯವಾದ ಕೇಳಿಕೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಸೂಚನೆಯಂತೆ ವಯಸ್ಕನಾದವನಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷ ಮಧ್ಯಮ ತರದ ಶ್ರಮವು ಬೇಕು. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಸಾಧನೆಯು ಬೇಕು. ೧೫೦ ನಿಮಿಷವೆಂದರೆ ದಿನಕ್ಕೆ ೩೦ ನಿಮಿಷದಂತೆ ಐದು ದಿನ. ಆದರೆ ಇದು ಮುಟ್ಟಬೇಕಾದ ಊರು, ಹೊರಡಬೇಕಾದ ಸ್ಥಳವಲ್ಲ.

ಮೊದಲನೆಯ ವಾರ ಐದು ದಿನ ಹತ್ತೇ ನಿಮಿಷ ಚುರುಕಾಗಿ ನಡೆಯಿರಿ. ಎರಡನೆಯ ವಾರ ಹದಿನೈದು, ಮೂರನೆಯದರಲ್ಲಿ ಇಪ್ಪತ್ತು, ನಾಲ್ಕರಲ್ಲಿ ಇಪ್ಪತ್ತೈದು, ಐದನೆಯ ವಾರಕ್ಕೆ ಮೂವತ್ತು ನಿಮಿಷವು ತಾನಾಗಿ ಬರುವದು. ವೇಗದ ಅಳತೆಗೆ ಯಂತ್ರವು ಬೇಡ: ನಡೆಯುತ್ತ ಸಂಗಡಿಗನೊಡನೆ ಮಾತಾಡಲು ಬರಬೇಕು, ಪದ ಹಾಡಲು ಬರಬಾರದು. ಹಾಡಲು ಬಂದರೆ ಹೆಜ್ಜೆ ಸಾಲದು. ಮಾತಾಡಲೂ ಬಾರದಿದ್ದರೆ ಹೆಜ್ಜೆ ಹೆಚ್ಚಾಯಿತು. ಹಾವೇರಿಯವರಿಗೆ ಹೆಗ್ಗೇರಿಯ ಕಡೆಗೆ ದಾರಿಯುಂಟು. ಉಳಿದ ಊರುಗಳಲ್ಲಿಯೂ ಪೇಟೆಯ ಧೂಳು ಘಾಟುಗಳಿಂದ ದೂರವಾದ ಒಂದು ದಾರಿಯನ್ನು ಆರಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸುವದು ಲೇಸು.

ಬಲದ ಸಾಧನೆಗೆ ಮಂಗಳವಾರ, ಶುಕ್ರವಾರಗಳೆಂದು ಎರಡು ದಿನಗಳನ್ನು ಗೊತ್ತುಮಾಡಿಕೊಳ್ಳಿರಿ. ನಡುವೆ ಬಿಡುವು ಇರತಕ್ಕದ್ದು. ಐದು ಚಲನೆಗಳು ಸಾಕು. ಒಂದು, ಕೈಯೂರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವದು. ಇದೇ ಮುಂದೆ ಬೈಠಕಾಗುವದು. ಎರಡು, ಗೋಡೆಗೆ ಅಂಗೈಯೂರಿ ಎದೆಯನ್ನು ಬಾಗಿಸಿ ಮತ್ತೆ ಹಿಂದಕ್ಕೆ ದೂಡಿಕೊಳ್ಳುವದು; ಇದೇ ತಿಂಗಳುಗಳ ಮೇಲೆ ಮೇಜಿನ ಅಂಚಿಗೆ, ಆಮೇಲೆ ನೆಲಕ್ಕೆ ಇಳಿದು ದಂಡವಾಗುವದು. ಮೂರು, ಒಂದು ಕೈಯನ್ನು ಬಾಕಿನ ಮೇಲೆ ಊರಿ, ಇನ್ನೊಂದರಿಂದ ಸಣ್ಣ ಚೀಲವನ್ನು ಸೊಂಟದ ತನಕ ಎಳೆದುಕೊಳ್ಳುವದು. ನಾಲ್ಕು, ಬೆನ್ನು ಬಾಗಿಸದೆ ಸೊಂಟದಿಂದ ಬಗ್ಗಿ ನೆಲದ ಮೇಲಿನ ಚೀಲವನ್ನು ಎತ್ತಿ ಇಡುವದು. ಐದು, ಎರಡು ಕೈಯಲ್ಲಿ ಎರಡು ತುಂಬಿದ ಚೀಲಗಳನ್ನು ಹಿಡಿದು ನೆಟ್ಟಗೆ ಇಪ್ಪತ್ತು ಹೆಜ್ಜೆ ನಡೆಯುವದು. ಚೀಲದಲ್ಲಿ ಮೊದಲು ಎರಡು ಸೇರು ಜೋಳವಿದ್ದರೂ ಸಾಕು. ಮೊದಲ ನಾಲ್ಕನ್ನು ಮೊದಲನೆಯ ವಾರ ಎಂಟೆಂಟು ಸಲ, ಒಂದೇ ಸುತ್ತು. ಎರಡನೆಯ ವಾರದಿಂದ ಎರಡು ಸುತ್ತು. ಇನ್ನೂ ಎರಡು ಸಲ ಮಾಡಬಲ್ಲೆನೆನ್ನುವಲ್ಲಿಯೇ ನಿಲ್ಲಿಸುವದು ಜಾಣತನ. ಹನ್ನೆರಡು ಸಲವೂ ಸುಲಭವಾದಾಗ ಮಾತ್ರ ಭಾರವನ್ನು ಏರಿಸಬೇಕು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಶ್ರಮದ ಕ್ಷಣದಲ್ಲಿ ಉಸಿರು ಹೊರಗೆ ಹೋಗಬೇಕು. ಇದಿಷ್ಟಕ್ಕೂ ಇಪ್ಪತ್ತು ನಿಮಿಷ ಹಿಡಿಯದು.

ಎದೆನೋವು, ತಲೆತಿರುಗು ಬರುವವರು, ರಕ್ತದ ಒತ್ತಡವು ಹತೋಟಿಯಲ್ಲಿಲ್ಲದವರು, ಮಧುಮೇಹಕ್ಕೆ ಔಷಧ ಸೇವಿಸುವವರು, ಗರ್ಭಿಣಿಯರು ಮೊದಲು ವೈದ್ಯರ ಸಲಹೆಯನ್ನು ಪಡೆಯತಕ್ಕದ್ದು. ಸಾಧನೆಯ ನಡುವೆ ಎದೆ ಬಿಗಿದರೆ ಆ ಕ್ಷಣವೇ ನಿಲ್ಲಿಸಿ ಸಹಾಯವನ್ನು ಕರೆಯಬೇಕು. ಅಲ್ಲಿ ಹಟವು ಪೌರುಷವಲ್ಲ.

ಜಿಮ್ಮು, ಪುಡಿ ಮತ್ತು ಸೂಜಿ

ಎರಡು ತಿಂಗಳು ಮನೆಯಲ್ಲಿ ಈ ಕ್ರಮವು ನಿಂತ ಬಳಿಕ ವ್ಯಾಯಾಮಶಾಲೆಗೆ ಹೋಗಲು ಮನಸ್ಸಾದರೆ ಅವಶ್ಯವಾಗಿ ಹೋಗಿರಿ. ಆದರೆ ಯಂತ್ರಗಳನ್ನು ಎಣಿಸುವ ಮೊದಲು ಕಲಿಸುವವನನ್ನು ನೋಡಿರಿ. ಹೊಸಬನ ವಯಸ್ಸನ್ನೂ ರೋಗರುಜಿನಗಳನ್ನೂ ಕೇಳುವನೋ? ಭಾರಕ್ಕಿಂತ ಮೊದಲು ರೀತಿಯನ್ನು ತಿದ್ದುವನೋ? ಮೊದಲ ದಿನ ಬೇಗ ಮನೆಗೆ ಕಳಿಸುವನೋ? ಹಾಗಿದ್ದರೆ ಅವನು ವಸ್ತಾದನ ವಂಶದವನು. ಮೊದಲ ದಿನವೇ ಬಸವಳಿಸಿ, ಎರಡನೆಯ ದಿನ ಪುಡಿಯ ಡಬ್ಬಿಯನ್ನು ಮಾರುವವನಾದರೆ ಅವನು ವರ್ತಕನೇ ಹೊರತು ಗುರುವಲ್ಲ.

ಪುಡಿಯ ವಿಷಯದಲ್ಲಿ ನಮ್ಮ ತರುಣರು ಹಣವನ್ನು ನೀರಿನಂತೆ ಸುರಿಯಹತ್ತಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರ ಆಹಾರ ಸೂಚನೆಗಳಲ್ಲಿ ಮೈ ಬೆಳೆಸಲು ಪ್ರೋಟೀನು ಪುಡಿಗಳನ್ನು ಸೇವಿಸಬಾರದೆಂದು ತಿಳಿಸಿತು. ಸಾಮಾನ್ಯ ವಯಸ್ಕನಿಗೆ ಬೇಕಾದುದು ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು ೦.೮೩ ಗ್ರಾಂ ಪ್ರೋಟೀನು. ೬೦ ಕಿಲೋದವನಿಗೆ ೫೦ ಗ್ರಾಂ. ೧೦೦ ಗ್ರಾಂ ಶೇಂಗಾದಲ್ಲಿ ಸುಮಾರು ೨೫ ಗ್ರಾಂ, ಅಷ್ಟೇ ಹೆಸರುಕಾಳಿನಲ್ಲಿ ೨೦ಕ್ಕೂ ಮಿಕ್ಕಿ, ಅಷ್ಟೇ ಜೋಳದಲ್ಲಿ ಸುಮಾರು ೧೦, ಒಂದು ತತ್ತಿಯಲ್ಲಿ ಸುಮಾರು ೬. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾದ ಹಿಂಡಿ, ಮೊಸರು: ನಮ್ಮ ತಾಯಂದಿರ ಈ ಬುತ್ತಿಯ ಮುಂದೆ ಹೊಸಬನಿಗೆ ಯಾವ ಡಬ್ಬಿಯೂ ಬೇಡ. ಇನ್ನು ಬೇಗ ಮೈ ಉಬ್ಬಿಸಲು ಸ್ಟೆರಾಯ್ಡಿನ ಸೂಜಿ ಚುಚ್ಚಿಕೊಳ್ಳುವ ದುರಭ್ಯಾಸವಂತೂ ಹೃದಯ, ಯಕೃತ್ತು, ಪುರುಷತ್ವ ಮೂರನ್ನೂ ಕೆಡಿಸುವಂಥದು. ಮಗನ ಮೈ ಎರಡೇ ತಿಂಗಳಲ್ಲಿ ಬೇರೆಯಾಗಿ ಕಂಡರೆ ತಂದೆಯು ಹಿಗ್ಗುವ ಮೊದಲು ವಿಚಾರಿಸತಕ್ಕದ್ದು.

ಹೆಂಗಸರು ಮತ್ತು ಹಿರಿಯರು

ನೂರಕ್ಕೆ ೫೭ ಎಂಬ ಅಂಕಿಯನ್ನು ಮೇಲೆ ಹೇಳಿದೆವು. ಮನೆಗೆಲಸವೇ ಹೆಂಗಸರಿಗೆ ವ್ಯಾಯಾಮವೆಂದು ನುಡಿದು ಕೈತೊಳೆದುಕೊಳ್ಳುವದು ಗಂಡಸರಿಗೆ ಅನುಕೂಲವಾದ ವಾದವೇ ಹೊರತು ಸತ್ಯವಲ್ಲ. ಬೀಸುಕಲ್ಲು ಹೋಯಿತು, ನಳ ಬಂದಿತು. ಉಳಿದುದು ದಣಿವು, ಚಲನೆಯಲ್ಲ. ಗಂಡಸು ಬೆಳಗಿನ ಕತ್ತಲಲ್ಲಿ ರಸ್ತೆಗೆ ಇಳಿಯಬಲ್ಲನು. ಹೆಂಗಸಿಗೆ ಬೆಳಕಿರುವ, ಬೆದರಿಕೆಯಿಲ್ಲದ ದಾರಿಯು ಬೇಕು, ಆ ಅರ್ಧ ತಾಸು ಒಲೆಯನ್ನು ನೋಡಿಕೊಳ್ಳುವ ಇನ್ನೊಂದು ಕೈಯೂ ಬೇಕು. ಆ ಕೈಯು ಯಾರದಾಗಬೇಕೆಂಬುದನ್ನು ನಮ್ಮ ಪಟ್ಟಣಿಗರು ತಾವೇ ತಿಳಿದುಕೊಳ್ಳಲಿ.

‘ನಮ್ಮ ಕಾಲ ಮುಗಿಯಿತು’ ಎನ್ನುವ ಹಿರಿಯರಿಗೂ ಒಂದು ಮಾತು. ೧೯೯೦ರಲ್ಲಿ ಅಮೇರಿಕದ ಬಾಸ್ಟನ್ ನಗರದಲ್ಲಿ ತೊಂಬತ್ತರ ಸುಮಾರಿನ, ಆರೈಕೆಯ ಮನೆಯಲ್ಲಿದ್ದ, ಬಲಗುಂದಿದ ಹತ್ತು ಜನ ವೃದ್ಧರಿಗೆ ಎಂಟು ವಾರ ಕಾಲಿನ ಬಲದ ಸಾಧನೆಯನ್ನು ವೈದ್ಯರ ಕಾವಲಿನಲ್ಲಿ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲವು ಸರಾಸರಿಯಲ್ಲಿ ಇಮ್ಮಡಿಗೂ ಮಿಕ್ಕಿ ಬೆಳೆಯಿತು. ತೊಂಬತ್ತಕ್ಕೆ ಸಾಧ್ಯವಾದುದು ಪೆನ್ಶನ್ ಪಡೆದ ಅರವತ್ತಕ್ಕೆ ಏಕೆ ಸಾಧ್ಯವಾಗದು?

ಊರಿನ ಋಣ

ಕೊನೆಗೆ ಅಧಿಕಾರಿಗಳಿಗೂ ಪುರಪಿತೃಗಳಿಗೂ ನಾಲ್ಕು ಮಾತು. ದೇಹವು ಅವರವರದಾದರೂ ದಾರಿಯು ಊರಿನದು. ಒಡೆದ ಪಾದಚಾರಿ ದಾರಿ, ದೀಪವಿಲ್ಲದ ರಸ್ತೆ, ಓಣಿಯ ನಾಯಿಗಳ ಹಿಂಡು ಇವುಗಳ ನಡುವೆ ‘ನಡೆಯಿರಿ’ ಎಂದು ಉಪದೇಶಿಸುವದು ನಗೆಪಾಟಲು. ಶಾಲೆ ಕಾಲೇಜುಗಳ ಬಯಲುಗಳನ್ನು ಬೆಳಗಿನ ಐದೂವರೆಯಿಂದ ಏಳರ ತನಕ ಊರವರಿಗೆ ತೆರೆದಿಡಲು ಖರ್ಚೇನು? ಒಂದು ಕೀಲಿಕೈ, ಒಬ್ಬ ಕಾವಲುಗಾರ. ಉಳಿದಿರುವ ಗರಡಿಮನೆಗಳ ಮಾಡನ್ನು ದುರಸ್ತಿಮಾಡಿಸಿ, ಜಾತಿ ಮತಗಳನ್ನು ಕೇಳದೆ ಬಡವರ ಮಕ್ಕಳಿಗೆ ಸಾಮು ಕಲಿಸುವ ವಸ್ತಾದನಿಗೆ ಗೌರವಧನವನ್ನು ಕೊಟ್ಟರೆ, ಮೂರು ತಿಂಗಳ ಹಣವನ್ನು ಮುಂಗಡವಾಗಿ ತೆರಲಾರದ ತರುಣನಿಗೂ ಒಂದು ಕಣವು ದೊರೆಯುವದು. ಹೆಂಗಸರಿಗೆ ಪ್ರತ್ಯೇಕ ವೇಳೆಯನ್ನೂ ಬೆಳಕನ್ನೂ ಒದಗಿಸತಕ್ಕದ್ದು. ಜಿಲ್ಲಾ ಕಚೇರಿಯ ದೊಡ್ಡ ಅಧಿಕಾರಿಗಳು ತಾವೇ ಮೆಟ್ಟಲು ಹತ್ತಿ ಮಾಳಿಗೆಗೆ ಹೋದರೆ, ನೂರು ಸುತ್ತೋಲೆಗಳಿಗಿಂತ ಅದೇ ಹೆಚ್ಚು ಕೆಲಸ ಮಾಡುವದು.

ಆದರೆ ಪುರಸಭೆಯು ದಾರಿಯನ್ನು ಮಾಡುವ ತನಕ ಕಾಯುತ್ತ ಕೂಡುವದು ಮತ್ತೊಂದು ಹಬ್ಬದ ದಾರಿಯನ್ನು ಕಾಯ್ದಂತೆಯೇ ಸರಿ. ದಂಡಿಗೆ ಹೊರಟ ಮೋಟೆಬೆನ್ನೂರ ತರುಣನು ಮೊದಲ ದಿನ ೨೪೦ ಮೈಲುಗಳನ್ನು ನಡೆಯಲಿಲ್ಲ. ಅಂದಿನ ಪಾಲಿನ ಮೈಲುಗಳನ್ನಷ್ಟೇ ನಡೆದನು, ಮರುದಿನ ಮತ್ತೆ ಎದ್ದನು. ನಮ್ಮ ಪಾಲಿಗೆ ಹತ್ತು ಮೈಲು ಬೇಡ, ಹತ್ತು ನಿಮಿಷವು ಸಾಕು. ನಾಳೆ ಬೆಳಿಗ್ಗೆ ನೆರೆಮನೆಯವರ ಕದವನ್ನು ತಟ್ಟಿರಿ. ಇಬ್ಬರೂ ಹತ್ತು ನಿಮಿಷ ನಡೆಯಿರಿ. ‘ಇಷ್ಟೇಯೋ?’ ಎಂದು ಮನಸ್ಸು ಹಳಿದರೆ ಹಳಿಯಲಿ. ಇಷ್ಟೇ ಎಂದು ಹೇಳಿ ಮನೆಗೆ ಬನ್ನಿರಿ. ನಾಡದು ಮತ್ತೆ ಎದ್ದು ಹೋದಿರೆಂದರೆ ಶ್ರೀಕಾರವು ಬಿದ್ದಂತೆ.